ಕಾಲು ಸೆಕೆಂಡಿನ ವಿಚಾರ

ಕಣ್ಣು ಕಂಡುದನ್ನು ಮಿದುಳು ಅರಿತು, ಆ ಅರಿವು ನರಮಾರ್ಗವಾಗಿ ಇಳಿದು ಬೆರಳನ್ನು ಅಲುಗಿಸುವಷ್ಟರಲ್ಲಿ ಸುಮಾರು ಕಾಲು ಸೆಕೆಂಡು ಕಳೆದುಹೋಗಿರುತ್ತದೆ. ಕಿವಿಗೆ ಬಿದ್ದ ಸದ್ದಿಗಾದರೋ ದೇಹವು ಇದಕ್ಕಿಂತ ತುಸು ಬೇಗನೆ ಓಗೊಡುತ್ತದೆ. ಅತ್ಯಲ್ಪವೆಂದು ತೋರುವ ಈ ಅವಧಿಯಲ್ಲಿಯೇ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವೊಂದು 4 ಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸಿಬಿಡುವುದೆಂಬುದನ್ನು ನೆನೆದಾಗ, ಪ್ರತಿಕ್ರಿಯೆಯ ಚುರುಕುತನವು ಕೇವಲ ಕ್ರೀಡಾಪಟುಗಳ ಚಿಂತೆಯಲ್ಲವೆಂಬುದು ಮನದಟ್ಟಾಗುತ್ತದೆ.

ಕಾಲಹರಣವೆಂದು ಹಿರಿಯರು ಜರೆಯುವ ವಿಡಿಯೋ ಗೇಮಿಗೂ ಈ ಚುರುಕನ್ನು ಬೆಳೆಸುವಲ್ಲಿ ಒಂದು ಸ್ಥಾನವುಂಟು. ವೇಗದ ಹೋರಾಟದ ಆಟಗಳ ಅಭ್ಯಾಸದಿಂದ ಆಟಗಾರರ ದೃಶ್ಯಾವಧಾನವು ವೃದ್ಧಿಸುವುದೆಂದು ಶಾನ್ ಗ್ರೀನ್ ಮತ್ತು ಡಾಫ್ನೆ ಬಾವೆಲಿಯೇ ಎಂಬ ಸಂಶೋಧಕರು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಆದರೆ ಅಭ್ಯಾಸದಿಂದ ಮುಖ್ಯವಾಗಿ ಹರಿತಗೊಳ್ಳುವುದು ನರದಲ್ಲಿ ಹರಿಯುವ ಸಂಕೇತದ ವೇಗವಲ್ಲ. ಯಾವುದನ್ನು ಗಮನಿಸಬೇಕು, ಯಾವುದನ್ನು ಕಡೆಗಣಿಸಬೇಕೆಂಬ ವಿವೇಚನೆ. ಷಟಲ್ ಆಟವೂ ಟೇಬಲ್ ಟೆನ್ನಿಸ್ಸೂ ಕಲಿಸುವುದು ಇದನ್ನೇ.

ಇವೆಲ್ಲಕ್ಕೂ ಮೂಲಾಧಾರವಾದುದು ನಿದ್ರೆ. ನಡುರಾತ್ರಿ ಮೀರಿ ಆಡಿ ಸಂಪಾದಿಸಿದ ಚುರುಕನ್ನು ಮರುದಿನದ ಜಡತೆಯು ಬಡ್ಡಿಸಹಿತ ವಸೂಲು ಮಾಡಿಕೊಳ್ಳದೆ ಇರದು.

ನಿಮ್ಮ ಚುರುಕನ್ನು ಪರೀಕ್ಷಿಸಲು ಯಂತ್ರವೇನೂ ಬೇಡ. ಮನೆಯವರೊಬ್ಬರು ಸ್ಕೇಲನ್ನು ನೆಟ್ಟಗೆ ಹಿಡಿದು ಹೇಳದೆ ಕೈಬಿಡಲಿ. ಸೊನ್ನೆಯ ಗುರುತಿನ ಬಳಿ ಬೆರಳುಗಳನ್ನು ತೆರೆದು ಕಾದಿರುವ ನೀವು ಅದನ್ನು 20 ಸೆಂಟಿಮೀಟರ್ ಜಾರುವಷ್ಟರಲ್ಲಿ ಹಿಡಿದರೆ, ನಿಮ್ಮ ಪ್ರತಿಕ್ರಿಯೆಗೆ ತಗುಲಿದ ಕಾಲ ಸುಮಾರು 0.2 ಸೆಕೆಂಡು. ಚೆನ್ನಾಗಿ ನಿದ್ರಿಸಿದ ದಿನವೊಮ್ಮೆ, ನಿದ್ದೆಗೆಟ್ಟ ದಿನವೊಮ್ಮೆ ಹೀಗೆ ಮಾಡಿ, ಅಂತರವನ್ನು ನೀವೇ ಅಳೆದು ನೋಡಿರಿ.