ಹಾಕಿದ್ದು ಎಂಟು, ಕಂಡಿದ್ದು ಮೂರೂಕಾಲು

ಕಂಪ್ಯೂಟರ್‌ಗೆ ಹೊಸ ಮೆಮೊರಿ ಹಾಕ್ಸಿದ್ರೂ ಅದು ಮೊದ್ಲಿನಂಗೇ ತೆವಳ್ತಾ ಇದ್ರೆ, ಪೆಟ್ಟಿಗೇನೇ ಕೆಟ್ಟೋಯ್ತು ಅಂತ ತೀರ್ಮಾನ ಮಾಡೋಕ್ ಮುಂಚೆ ಒಂದಷ್ಟು ನೋಡ್ಬೇಕು ಕಣ್ರೀ. ನಾನು ಪಿಯುಸಿವರ್ಗೆ ಓದಿದೋಳು, ಕಂಪ್ಯೂಟರ್ ಕಲ್ತೋಳಲ್ಲ. ಆದ್ರೆ ಮಿಕ್ಸಿ ನಿಂತೋದ್ರೆ ಮೊದ್ಲು ಪ್ಲಗ್ಗು, ಆಮೇಲೆ ಜಾರು, ಕೊನೇಗ್ ಮೋಟ್ರು ಅಂತ ಒಂದೊಂದೇ ನೋಡೋದು ನಮ್ಗೆಲ್ಲಾ ಗೊತ್ತಿರೋದೇ ತಾನೆ? ಇದೂ ಅಷ್ಟೆ.

ನನ್ ಸೊಸೆ ಕೊತ್ತಗೆರೆ ಮನೇಲೇ ಕೂತು ನುಡಿಯಲ್ಲಿ ಟೈಪ್ ಮಾಡ್ತಾಳೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾಗ್ದ, ಸಂಘದ ಲೆಕ್ಕ. ಫೋಟೊ ಇರೋ ಕಾರ್ಡು ತೆಗೆದ್ರೆ ಸಾಕು, ಕಂಪ್ಯೂಟರ್ ಉಸಿರು ಕಟ್ದಂಗೆ ನಿಂತೋಗೋದು. ಕಾದು ಸಾಕಾಗಿ ಗಿರಾಕಿಗಳು ಕುಣಿಗಲ್ ಕಡೆ ಹೊಂಟ್ರು. ಅದ್ಕೇ ಕೊಬ್ರಿ ಮಾರಿದ್ ದುಡ್ಡಲ್ಲಿ, ಇದ್ದ 4 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು 4 ಜಿಬಿ ಪಟ್ಟಿ ಹಾಕ್ಸಿದ್ವಿ. ಕೂದಲೆಳೆಯಷ್ಟೂ ಬದಲಾಗ್ಲಿಲ್ಲ. ಅಂಗಡಿಯೋರು "ಬೋರ್ಡೇ ಹೋಗೈತೆ, ಹೊಸ್ದು ತಗಳಿ" ಅಂದ್ರು. ನನ್ ಮಗ "ಸಾಕ್ ಬಿಡವ್ವ, ಇದ್ರಿಂದ ಬರೋದಕ್ಕಿಂತ ಹೋಗೋದೇ ಹೆಚ್ಚಾಯ್ತು" ಅಂದ. ಸೊಸೆ ತುಟಿ ಬಿಚ್ಚಲಿಲ್ಲ. ಯಾರನ್ನೂ ಕೇಳ್ದೆ ಖರ್ಚು ಮಾಡೋಕೆ ಅವಳ ಹತ್ರ ಇರೋದು ಅದೊಂದೇ ದುಡ್ಡು. ನನ್ಗೆ ಅವಳ ವಯಸ್ಸಲ್ಲಿ ಅದೂ ಇರ್ಲಿಲ್ಲ. ಹಂಗಾಗಿ "ತಡಿಯಮ್ಮ, ನಾವೇ ನೋಡಾಣ" ಅಂದೆ.

ಮೈದುನನ ಮಗ ತುಮಕೂರಲ್ಲಿ ಡಿಪ್ಲೊಮಾ ಓದ್ತಾನೆ. ಫೋನಲ್ಲಿ ಅವನು ಹೇಳ್ದಂಗೆ ಮೊದ್ಲು ಪ್ಲಗ್ ಕಿತ್ತು, ಒಳಗೆ ಉಳಿದಿರೋ ಕರೆಂಟ್ ಹೋಗ್ಲಿ ಅಂತ ಆನ್ ಬಟನ್ ಒಂದ್ಸಲ ಒತ್ತಿದ್ವಿ. ಪೆಟ್ಟಿಗೆ ಕಬ್ಣ ಮುಟ್ಟಿ, ಆಮೇಲೆ ಎರಡೂ ಪಟ್ಟಿ ಈಚೆ ತೆಗೆದ್ವಿ. ಬಂಗಾರದ್ ಬಣ್ಣದ ಹಲ್ಲು ಇರ್ತಾವಲ್ಲ, ಅವನ್ನ ಮೊಮ್ಮಗಳ ಪೆನ್ಸಿಲ್ ರಬ್ಬರಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿದ್ವಿ. ನೀರು ಎಣ್ಣೆ ಸೋಕಿಸ್ಬಾರ್ದು. ಪಟ್ಟೀಲಿರೋ ಕಚ್ಚು ತೊಟ್ಟಿಯ ಉಬ್ಬಿಗೆ ಸರಿಯಾಗಿ ಕೂತ್ರೆ ಮಾತ್ರ ಒತ್ಬೇಕು, ಟಿಕ್ ಅನ್ನೋಗಂಟ.

ಎರಡ್ನೇದು, ಒಂದೊಂದೇ ಪಟ್ಟಿ ಹಾಕಿ ನೋಡೋದು. ಹಳೇದನ್ನ ಎರಡೂ ಜಾಗದಲ್ಲಿ, ಹೊಸ್ದನ್ನೂ ಎರಡೂ ಜಾಗದಲ್ಲಿ. ನಾಲ್ಕು ಸಲಾನೂ ಕಂಪ್ಯೂಟರ್ ಆನ್ ಆಯ್ತು. ಅಲ್ಲಿಗೆ ಪಟ್ಟಿನೂ ಸರಿ, ಜಾಗಾನೂ ಸರಿ.

ಮೂರ್ನೇದು, ಎರಡೂ ಹಾಕಿ, ವಿಂಡೋಸ್ ಬರೋಕ್ ಮುಂಚೆ ಡಿಲೀಟ್ ಬಟನ್ ಒತ್ತಿ ಬಯಾಸ್ ಪುಟ ನೋಡಿದ್ವಿ. ಕೆಲವ್ರ ಕಂಪ್ಯೂಟರಲ್ಲಿ ಎಫ್2 ಒತ್ಬೇಕು. 8192 ಎಂಬಿ ಅಂತ ತೋರಿಸ್ತು, ಅಂದ್ರೆ 8 ಜಿಬಿ. ಬೋರ್ಡು ಎರಡನ್ನೂ ಲೆಕ್ಕಕ್ಕೆ ತಗಂಡಿತ್ತು. ಹಂಗಾದ್ರೆ ಬೋರ್ಡ್ ಹೋಗೈತೆ ಅಂದ ಮಾತು ಸುಳ್ಳು.

ಆಮೇಲೆ ವಿಂಡೋಸ್ 10ರ ಸೆಟ್ಟಿಂಗ್ಸಲ್ಲಿ ಸಿಸ್ಟಂ, ಅದ್ರಲ್ಲಿ ಅಬೌಟ್. ಅಲ್ಲಿ 8 ಜಿಬಿ ಹಾಕೈತೆ, 3.24 ಜಿಬಿ ಮಾತ್ರ ಬಳಕೆಗೆ ಅಂತ ಬರ್ದಿತ್ತು. ಎಂಎಸ್‌ಕಾನ್ಫಿಗ್ ತೆಗೆದು, ಬೂಟ್ ಒಳಗಿನ ಅಡ್ವಾನ್ಸ್ಡ್ ಆಪ್ಷನ್ಸಲ್ಲಿ ಮ್ಯಾಕ್ಸಿಮಮ್ ಮೆಮೊರಿ ಮುಂದೆ ಗುರುತು ಹಾಕೈತಾ ಅಂತ ನೋಡಿದ್ವಿ. ಹಾಕಿದ್ರೆ ತೆಗೀಬೇಕು, ನಮ್ದ್ರಲ್ಲಿ ಇರ್ಲಿಲ್ಲ. ತಿರ್ಗಾ ಅಬೌಟ್ ಪುಟಕ್ಕೆ ಬಂದಾಗ ಸೊಸೆ ಕೆಳಗಿನ ಸಾಲು ಓದಿದ್ಲು: "ಅತ್ತೆ, 32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರೊಸೆಸರ್ ಅಂತೈತೆ." ಫೋನಲ್ಲಿದ್ದ ಹುಡ್ಗ "ಸಿಕ್ತು ದೊಡ್ಡವ್ವ!" ಅಂತ ಕೂಗ್ದ.

ಅವನು ವಿವರಿಸಿದ್ದು ನನ್ಗೆ ಹಿಂಗೆ ಅರ್ಥ ಆಯ್ತು. ಒಂದೂರಲ್ಲಿ ಬಾಗಿಲ ನಂಬರ್ ಬರೆಯೋಕೆ ಎರಡೇ ಅಂಕಿಗೆ ಜಾಗ ಐತೆ ಅನ್ಕಳಿ. 00ರಿಂದ 99ರವರ್ಗೆ ನೂರೇ ನಂಬರ್. ಅದ್ರಲ್ಲೂ ಗುಡಿಗೆ, ಸ್ಕೂಲಿಗೆ, ಹಾಲಿನ ಡೇರಿಗೆ ಒಂದಷ್ಟು ಹೋದ್ರೆ ಮನೆಗಳಿಗೆ ಉಳಿಯೋದು ಎಂಬತ್ತೋ ಏನೋ. ಮಿಕ್ಕ ಮನೇಲೂ ಜನ ಇದಾರೆ, ದೀಪ ಉರೀತೈತೆ, ಆದ್ರೆ ನಂಬರ್ ಇಲ್ದೆ ಪೋಸ್ಟಿನೋನು ಬರಲ್ಲ. 32 ಬಿಟ್ ಅಂದ್ರೆ ಸೊನ್ನೆ ಒಂದು ಬರೆಯೋಕೆ 32 ಮನೆ. ಅದ್ರಲ್ಲಿ ಸುಮಾರು 429 ಕೋಟಿ ನಂಬರ್ ಆಗ್ತವೆ, ಅದೇ 4 ಜಿಬಿ. ಅದ್ರಲ್ಲೂ ಪರದೆ ಚಿತ್ರ ತೋರಿಸೋ ಭಾಗ, ಮಿಕ್ಕ ಭಾಗಗಳಿಗೆ ಒಂದಷ್ಟು ನಂಬರ್ ಬೇಕು. ಉಳಿದಿದ್ದು ನಮ್ಗೆ 3.24. ಮನೆ ಬಳಕೆಯ 32 ಬಿಟ್ ವಿಂಡೋಸ್‌ಗೆ ಎಷ್ಟು ಪಟ್ಟಿ ತುರುಕಿದ್ರೂ ಅಷ್ಟೇ.

ಪರಿಹಾರ, 64 ಬಿಟ್ ವಿಂಡೋಸ್ ಹೊಸ್ದಾಗಿ ಹಾಕೋದು. ಪ್ರೊಸೆಸರ್ ಸಾಲಲ್ಲಿ ಎಕ್ಸ್64 ಅಂತ ಇದ್ರೇ ಇದು ಆಗೋದು, ಎಕ್ಸ್86 ಅಂತಿದ್ರೆ ಆಗಲ್ಲ. 32ರ ಮೇಲೇ 64 ಹಾಕೋಕೆ ಬರಲ್ಲ, ಎಲ್ಲಾ ಅಳಿಸಿ ಹಾಕ್ಬೇಕು. ಅದ್ಕೇ ಸೊಸೆ ಎರಡು ದಿನ ಕೂತು ಅಷ್ಟೂ ಕಾರ್ಡು, ಫೋಟೊ, ಲೆಕ್ಕ ಪೆನ್‌ಡ್ರೈವ್‌ಗೆ ತುಂಬ್ಕೊಂಡು, ಒಂದೊಂದೂ ತೆರೀತಾವಾ ಅಂತ ನೋಡ್ಕೊಂಡ್ಲು. ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಬೇರೆ ಬೇಕಾಯ್ತು. ಭಾನುವಾರ ಹುಡ್ಗ ಬಂದು ಹಾಕ್ಕೊಟ್ಟ. ಲೈಸೆನ್ಸ್ ಹಳೇದೇ ನಡೀತು, ದುಡ್ಡು ಕೊಡೋ ಹಂಗಿರ್ಲಿಲ್ಲ. ಈಗ ಬಳಕೆಗೆ 7.88 ಜಿಬಿ ತೋರಿಸ್ತೈತೆ.

ಮಾಘಮಾಸದ ಲಗ್ನಗಳು ಮುಗಿಯೋ ಹೊತ್ಗೆ ಸೊಸೆ ಪಟ್ಟಿ ದುಡ್ಡು ತಂದು ನನ್ ಕೈಗಿಟ್ಲು. ಬೇಡ ಅಂದ್ರೂ ಕೇಳ್ಲಿಲ್ಲ. ಅವಳ ಮುಖ ನೋಡಿ ಇಸ್ಕಂಡೆ.

ನಿಮ್ಮನೇಲೂ ಹಿಂಗಾದ್ರೆ ಅಂಗಡಿಗೆ ಹೋಗೋಕ್ ಮುಂಚೆ ಒಂದು ಚೀಟೀಲಿ ನಾಲ್ಕು ವಿಷ್ಯ ಬರ್ಕಳಿ: ಬಯಾಸ್ ಎಷ್ಟು ಅಂತೈತೆ, ವಿಂಡೋಸ್ ಎಷ್ಟು ಹಾಕೈತೆ ಅಂತೈತೆ, ಬಳಕೆಗೆ ಎಷ್ಟು, ವಿಂಡೋಸ್ 32ರದಾ 64ರದಾ. ಚೀಟಿ ಕೈಲಿದ್ರೆ ಎದುರಿಗಿರೋರು ಮಾತಾಡೋ ರೀತೀನೇ ಬೇರೆ ಆಗ್ತದೆ.