ಭಾಳಂದ್ರ ಎಷ್ಟು?

ಮ್ಯಾಕ್ಸ್ ಎಂಬುದು ಮ್ಯಾಕ್ಸಿಮಮ್ ಎಂಬ ಇಂಗ್ಲಿಷ್ ಪದದ ಮೊಟಕು ರೂಪ. ಬೇರು ಲ್ಯಾಟಿನ್‌ನಲ್ಲಿದೆ, ದೊಡ್ಡದರಲ್ಲೆಲ್ಲ ದೊಡ್ಡದು ಎಂದು ಮೂಲಾರ್ಥ. ಇಷ್ಟನ್ನು ಯಾವ ನಿಘಂಟಾದರೂ ಹೇಳುತ್ತದೆ. ಉಳಿದದ್ದನ್ನು ತಿಳಿಯಲು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ಅನಗವಾಡಿಯಲ್ಲಿ ಬೆಳಗಿನ ಹೊತ್ತು ಬಸ್ಸಿಗೆ ಕಾಯಬೇಕು.

"ಬಿಜಾಪುರ ಗಾಡಿ ಎಷ್ಟೊತ್ತಿಗೆ ಬರತೈತೋ ತಮ್ಮಾ?"

"ಮ್ಯಾಕ್ಸಿಮಮ್ ಹತ್ತ ಮಿನಿಟ್ ರೀ ಕಾಕಾ. ಬಂತಂತ ತಿಳೀರಿ."

ಅರ್ಧ ತಾಸು ಕಳೆದ ಮೇಲೆ ಅದೇ ಹುಡುಗನನ್ನು ಕೇಳಿದರೆ ಮತ್ತೆ ಅದೇ ಹತ್ತು ಮಿನಿಟು. ಕಾಕಾ ಜಗಳ ಆಡುವುದಿಲ್ಲ. ಇಲ್ಲಿ ಹತ್ತು ಮಿನಿಟು ಎಂದರೆ ಗಡಿಯಾರದ ಲೆಕ್ಕವಲ್ಲ, ಕೇಳಿದವನ ಮನಸ್ಸಿಗೆ ಕೊಡುವ ಸಮಾಧಾನ ಎಂಬುದು ಇಬ್ಬರಿಗೂ ಗೊತ್ತು. ಗೊತ್ತಿದ್ದರೂ ಬಿಸಿಲೇರುವ ಹೊತ್ತಿನಲ್ಲಿ ಆ ಮಾತು ಕಿರಿಕಿರಿ ಮಾಡುತ್ತದೆ. ಇಂತಿಷ್ಟೇ, ಇದಕ್ಕಿಂತ ಹೆಚ್ಚಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಲೆಂದೇ ಹುಟ್ಟಿದ ಪದ ಏನನ್ನೂ ಕಟ್ಟಿಹಾಕದ ಮಾತಾಗಿಬಿಟ್ಟಿದೆ.

ಆಡುಗನ್ನಡದಲ್ಲಿ ಈ ಪದಕ್ಕೆ ಸದ್ಯ ಮೂರು ಬಳಕೆಗಳಿವೆ. ಹತ್ತು ಮಿನಿಟಿನದು ಮೊದಲನೆಯದು, ಮೂಲಕ್ಕೆ ಹತ್ತಿರವಾದದ್ದು. ಎರಡನೆಯದು "ಮ್ಯಾಕ್ಸಿಮಮ್ ಎಲ್ಲಾರೂ ಬಂದಾರ" ಎಂಬಂಥದು. ಇಲ್ಲಿ ಅದಕ್ಕೆ ಬಹುತೇಕ ಎಂಬ ಅರ್ಥ. ಮಿತಿ ಎಂಬ ಅರ್ಥ ಪೂರಾ ಬಿಟ್ಟುಹೋಗಿದೆ. ಮೂರನೆಯದು "ಮ್ಯಾಕ್ಸಿಮಮ್ ಟ್ರೈ ಮಾಡ್ತೀನ್ರಿ". ಅಂದರೆ ಕೈಲಾದಷ್ಟು ಮಾಡುತ್ತೇನೆ ಎಂದು. ಇದನ್ನು ಹೇಳಿದವರಿಂದ ಕೆಲಸ ಆಗುವ ಸಂಭವ ಕಡಿಮೆ ಎಂಬುದು ಕಚೇರಿಗಳಿಗೆ ಅಲೆದವರ ಅನುಭವ.  2024ರಲ್ಲಿ ಮ್ಯಾಕ್ಸ್ ಎಂಬ ಹೆಸರಿನ ಕನ್ನಡ ಸಿನಿಮಾ ಬಂದಾಗ ಯಾರೂ ಅರ್ಥ ಕೇಳಲಿಲ್ಲ.

ಪಠ್ಯಪುಸ್ತಕದ ಕನ್ನಡದಲ್ಲಿ ಇದಕ್ಕೆ ಗರಿಷ್ಠ ಎನ್ನುತ್ತಾರೆ. ಸಂಸ್ಕೃತದ ಗುರು ಎಂಬುದರ ತುತ್ತತುದಿಯ ರೂಪ ಅದು. ಮೂಲದಲ್ಲಿ ಎಲ್ಲಕ್ಕಿಂತ ಭಾರವಾದದ್ದು ಎಂದರ್ಥ. ಕಬ್ಬನ್ನು ತೂಕಕ್ಕೆ ಮಾರುವ ಈ ಸೀಮೆಗೆ ಆ ಅರ್ಥ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಬೀಳಗಿ, ಮುಧೋಳ, ಜಮಖಂಡಿ ಕಡೆಯ ಮಂದಿ ಯಾವ ಪುಸ್ತಕಕ್ಕೂ ಕಾಯದೆ ತಮ್ಮದೇ ಮಾತು ಇಟ್ಟುಕೊಂಡಿದ್ದಾರೆ: ಭಾಳಂದ್ರ. "ಭಾಳಂದ್ರ ನಾಕ ಚೀಲ ಆಗತೈತಿ" ಎಂದು ರೈತ ಹೇಳಿದರೆ ಐದನೆಯ ಚೀಲ ತುಂಬುವುದಿಲ್ಲ. ಬೆಳೆಯನ್ನು ಕಣ್ಣಾರೆ ಅಳೆದು, ಏರಿಸದೆ ಇಳಿಸದೆ ಹೇಳಿದ ಮಾತು ಅದು. ಇದರ ಜೋಡಿ ಮಾತು ಕಮ್ಮಿ ಅಂದ್ರ. ಇವೆರಡರ ನಡುವೆ ಹಳ್ಳಿಯ ಎಲ್ಲ ಅಂದಾಜೂ ನಡೆದುಬಂದಿದೆ. ಇಂಥ ಗಟ್ಟಿ ಮಾತು ಮನೆಯಲ್ಲೇ ಇರುವಾಗ ಸಡಿಲಾದದ್ದನ್ನು ಹೊರಗಿನಿಂದ ತರುವ ಅಗತ್ಯವೇನಿತ್ತು?

ಕಾಯ್ದೆಗೂ ಈ ಪದದ ನಂಟಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮ್ಯಾಕ್ಸಿಕ್ಯಾಬ್ ಎಂದರೆ ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡಕ್ಕೆ ಮೀರದ ಪ್ರಯಾಣಿಕರನ್ನು ಒಯ್ಯುವ ಬಾಡಿಗೆ ಗಾಡಿ. ಮಿತಿ ಹೆಸರಿನಲ್ಲೇ ಇದೆ. ಸಂತೆಯ ದಿನ ಆ ಗಾಡಿಯ ಹಿಂದಿನ ಏಣಿ ಹಿಡಿದು ನಿಂತವರನ್ನು ಎಣಿಸಿದರೆ ಹನ್ನೆರಡು ಎಂಬ ಅಂಕಿ ಯಾರಿಗೂ ನೆನಪಿಲ್ಲದ್ದು ಕಾಣುತ್ತದೆ. ಏಣಿಗೆ ಜೋತುಬಿದ್ದವರಲ್ಲಿ ಶಾಲೆಯ ಚೀಲ ಹೊತ್ತ ಹುಡುಗರೂ ಇರುತ್ತಾರೆ. ಇದು ನಗುವ ಸಂಗತಿಯಲ್ಲ.

ಇಷ್ಟು ಸಡಿಲಾದ ಪದಕ್ಕೆ ದಶಾಂಶದ ಮೂರನೆಯ ಸ್ಥಾನದವರೆಗೆ ಬೆಲೆ ಇರುವ ಒಂದು ಜಾಗವೂ ಇದೇ ಅನಗವಾಡಿಯಲ್ಲಿದೆ. ಊರು ಘಟಪ್ರಭೆಯ ದಂಡೆಯಲ್ಲಿದೆ. ನದಿ ಕೆಳಗೆ ಹರಿದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ನೀರನ್ನೆಲ್ಲ ತಡೆದು ನಿಲ್ಲಿಸುವುದು ಆಲಮಟ್ಟಿಯ ಅಣೆಕಟ್ಟು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದರಿಂದ ಜಲಾಶಯಕ್ಕೆ ಅವರದೇ ಹೆಸರು. ಇಲ್ಲಿ ಗರಿಷ್ಠ ಮಟ್ಟ ಎಂದರೆ 519.60 ಮೀಟರ್. 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಅಂಕಿ ಇದು. ಆಗ ಹಿಡಿಸುವ ನೀರು 123 ಟಿಎಂಸಿ. 519 ಮೀಟರ್ ಎತ್ತರದ ಗೋಡೆ ಅಲ್ಲಿದೆ ಎಂದು ತಿಳಿಯುವವರೂ ಇದ್ದಾರೆ. ಅದು ಸಮುದ್ರ ಮಟ್ಟದಿಂದ ಅಳೆದ ಎತ್ತರ. ಗೋಡೆಯ ಎತ್ತರ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು.

2010ರ ಡಿಸೆಂಬರ್ 30ರಂದು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಈ ಮಿತಿಯನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಮೂರು ದಶಾಂಶದ ಈ ಅಂಕಿ ಎಲ್ಲಿಂದ ಬಂತು ಎಂದು ಅನೇಕರು ಬೆರಗಾಗುತ್ತಾರೆ. ಫೂಟಿಗೆ ಇಳಿಸಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ: ಸರಿಯಾಗಿ 1720 ಫೂಟು, ಒಂದು ಎಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎರಡು ಮಟ್ಟಗಳ ನಡುವಿನ ಅಂತರ 4.656 ಮೀಟರ್, ಅಂದರೆ ಹದಿನೈದು ಫೂಟಿಗೆ ಸ್ವಲ್ಪ ಮೇಲೆ. ಹಳ್ಳಿಯ ಒಂದಂತಸ್ತಿನ ಮನೆ ಮಾಳಿಗೆ ಸಮೇತ ಆ ಅಂತರದೊಳಗೆ ಅಡಗುತ್ತದೆ.

ಹಿನ್ನೀರಿನ ಊರುಗಳಲ್ಲಿ ಮ್ಯಾಕ್ಸ್ ಎಂಬ ಮಾತಿನ ತೂಕ ಇದೇ ಹದಿನೈದು ಫೂಟು. ಮಿತಿಯ ಈಚೆ ಇದ್ದರೆ ಹೊಲ, ಆಚೆ ಹೋದರೆ ಮುಳುಗಡೆ. ಈಚೆ ಇದ್ದರೆ ಹೆಸರು ಪಹಣಿಯಲ್ಲಿ, ಆಚೆ ಹೋದರೆ ಪುನರ್ವಸತಿ ಕೇಂದ್ರದ ಹಕ್ಕುಪತ್ರದಲ್ಲಿ. ಹಳೆಯ ಬಾಗಲಕೋಟೆಯ ಓಣಿಗಳು ನೀರಿಗೆ ಹೋಗಿ ನವನಗರ ಎದ್ದದ್ದನ್ನು ಕಂಡ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನ್ಯಾಯಮಂಡಳಿಯ ಮುಂದಿನ ವರದಿ 2013ರ ನವೆಂಬರ್‌ನಲ್ಲಿ ಬಂತು. ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಗದೆ ವರ್ಷಗಳು ಉರುಳಿದವು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಲಿರುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಜಮೀನಿಗೆ 30 ಲಕ್ಷ ಎಂದು ನಿಗದಿ ಮಾಡಿತು. ಅಷ್ಟು ವರ್ಷ ಆ ಹೊಲಗಳಲ್ಲಿ ಬಾವಿ ತೋಡಿಸಲೋ ಬೇಡವೋ, ಮಗನ ಮದುವೆಗೆ ಮನೆ ಕಟ್ಟಿಸಲೋ ಬೇಡವೋ ಎಂದು ತೂಗಾಡುತ್ತ ಕಳೆದ ಸಂಸಾರಗಳ ನಷ್ಟ ಯಾವ ದರಪಟ್ಟಿಯಲ್ಲೂ ಬಂದಿಲ್ಲ. ಮಿತಿ ಹೇಳಿದ ಮೇಲೆ ಅದನ್ನು ಬೇಗ ಜಾರಿಗೆ ತರಬೇಕು, ಇಲ್ಲವೆ ಕೈಬಿಡಬೇಕು. ನಡುವೆ ತೂಗುಹಾಕುವುದು ಅನ್ಯಾಯ.

ಇನ್ನೊಂದು ಸೂಕ್ಷ್ಮವಿದೆ. ಅಣೆಕಟ್ಟಿನ ಬಳಿ ಅಳೆದ ಮಟ್ಟವೇ ಅನಗವಾಡಿ ಸೇತುವೆಯ ಬಳಿಯೂ ಇರುತ್ತದೆ ಎನ್ನಲಾಗದು. ನಿಂತ ನೀರಿಗೆ ಆ ಲೆಕ್ಕ ಸರಿ. ಮಹಾಪೂರದಲ್ಲಿ ಘಟಪ್ರಭೆ ಮೇಲಿನಿಂದ ನುಗ್ಗುವಾಗ, ಕೆಳಗೆ ಹಿನ್ನೀರು ದಾರಿ ಕೊಡದಿದ್ದರೆ, ನದಿ ಹರಿಯಲು ಬೇಕಾದ ಇಳಿಜಾರನ್ನು ತಾನೇ ಎದ್ದು ಮಾಡಿಕೊಳ್ಳುತ್ತದೆ. ಆಗ ಮೇಲ್ಭಾಗದ ಮಟ್ಟ ಅಣೆಕಟ್ಟಿನ ಮಟ್ಟಕ್ಕಿಂತ ಹೆಚ್ಚೇ ಇರುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಮುಧೋಳ ಕಡೆಯವರಿಗೆ ಹೊಳೆ ಎಲ್ಲಿಯವರೆಗೆ ಬರಬಲ್ಲದು ಎಂಬುದು ಮನೆ ಬಾಗಿಲಲ್ಲೇ ತಿಳಿಯಿತು.

ಮುಧೋಳ ಎಂದೊಡನೆ ರನ್ನ ನೆನಪಾಗುತ್ತಾನೆ. ಹತ್ತನೆಯ ಶತಮಾನದ ಆ ಕವಿಚಕ್ರವರ್ತಿ ಇದೇ ಘಟಪ್ರಭೆಯ ಸೀಮೆಯವನು. ಬೆಳಗಲಿ ಇಂದಿಗೂ ರನ್ನ ಬೆಳಗಲಿ ಎಂದೇ ಕರೆಸಿಕೊಳ್ಳುತ್ತದೆ. ಅವನ ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತವನು. ದಡದಲ್ಲಿ ನಿಂತು ಭೀಮ ಗರ್ಜಿಸಿದಾಗ ಆ ತಣ್ಣೀರಿನೊಳಗೂ ಅವನ ಮೈ ಬೆವರುವಂತೆ ಮಾಡಿದ ಕವಿ ರನ್ನ. ಅತಿಶಯವೆಂದರೆ ಹೀಗಿರಬೇಕು. ಅದು ಆಗಲಾರದ ಮಾತು; ಆದರೂ ಓದಿದವರು ಸುಳ್ಳು ಎನ್ನುವುದಿಲ್ಲ, ಏಕೆಂದರೆ ಆ ಬೆವರಿಗೆ ದುರ್ಯೋಧನನ ಛಲದ ಆಧಾರವಿದೆ. ಬಸ್ಸಿನ ಹತ್ತು ಮಿನಿಟಿಗೆ ಅಂಥ ಯಾವ ಆಧಾರವೂ ಇಲ್ಲ. ಅತಿಶಯವನ್ನು ಕವಿಗಳಿಗೆ ಬಿಟ್ಟುಕೊಟ್ಟು, ಮಿತಿಯ ಮಾತನ್ನು ಎಲ್ಲರೂ ಹಿಡಿತದಲ್ಲಿ ಇಟ್ಟುಕೊಳ್ಳುವುದೇ ಸರಿ.

ಗರಿಷ್ಠದ ಮಾತು ಮುಗಿಯುವಲ್ಲಿ ಕನಿಷ್ಠದ ಮಾತು ಶುರುವಾಗುತ್ತದೆ. ಈ ಭಾಗದಲ್ಲಿ ಕನಿಷ್ಠ ಎಂದರೆ ಕಬ್ಬು. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಗೊತ್ತುಮಾಡುವ ಕಬ್ಬಿನ ದರಕ್ಕೆ 2009ರವರೆಗೆ ಶಾಸನಬದ್ಧ ಕನಿಷ್ಠ ಬೆಲೆ ಎಂಬ ಹೆಸರಿತ್ತು. ಆ ವರ್ಷ ಅದು ನ್ಯಾಯಯುತ ಮತ್ತು ಲಾಭದಾಯಕ ಬೆಲೆಯಾಯಿತು. ಊರವರ ಬಾಯಲ್ಲಿ ಎಫ್‌ಆರ್‌ಪಿ. ಹೆಸರಿನಿಂದ ಕನಿಷ್ಠ ಎಂಬ ಮಾತು ಹೋದದ್ದು ರೈತನಿಗೆ ಒಳ್ಳೆಯದಾಗಲಿಲ್ಲ. ನೆಲಗಟ್ಟಾಗಿ ಹಾಕಿದ ದರವನ್ನೇ ಸೂರು ಎಂದು ತೋರಿಸುವುದು ಸುಲಭವಾಯಿತು. ಎಫ್‌ಆರ್‌ಪಿ ಕೊಟ್ಟಾಯಿತಲ್ಲ, ಇನ್ನೇನು ಬೇಕು ಎಂಬ ಮಾತು ಹಂಗಾಮು ಬಂದಾಗಲೆಲ್ಲ ಕೇಳಿಬರುತ್ತದೆ. 2025–26ರ ಹಂಗಾಮಿಗೆ ಆ ದರ ಶೇಕಡಾ 10.25ರ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಅದಕ್ಕಿಂತ ಕಡಿಮೆ ಇಳುವರಿಗೆ ಒಂದು ಹಂತದವರೆಗೆ ದರವೂ ಇಳಿಯುತ್ತದೆ. ಮೇಲಿನ ಪ್ರತಿ ಶೇಕಡಾ 0.1 ಇಳುವರಿಗೆ 3 ರೂಪಾಯಿ 46 ಪೈಸೆ ಹೆಚ್ಚು. ಹೀಗೆ ಗೊತ್ತಾದ ದರಕ್ಕಿಂತ ಕಡಿಮೆಗೆ ಕಬ್ಬು ಕೊಳ್ಳುವಂತಿಲ್ಲ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೆಚ್ಚು ಕೊಡಬಾರದು ಎಂದು ಅದರಲ್ಲಿ ಎಲ್ಲಿಯೂ ಇಲ್ಲ.