ನಿಂಬೆ ಗಿಡದ ಎರಡು ಕೊಂಬೆ

ಅಂಡಮಾನಿನ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಮುಳುಗಿಬಿಡ್ತಾನೆ, ಬೆಂಗಳೂರಿಗಿಂತ ಹತ್ತಿರಹತ್ತಿರ ಒಂದು ಗಂಟೆ ಮೊದಲು. ಹಾಗಾಗಿ ಹೂವು-ಹುಳದ ಫೋಟೊ ಬೇಕು ಅಂದ್ರೆ ಬೆಳಕು ಹರಿಯೋ ಮುಂಚೆ ಹೊರಡಬೇಕು. ಆಗ ಚಿಟ್ಟೆಗಳು ರೆಕ್ಕೆ ಬಿಚ್ಚಿ ಮೈ ಕಾಯಿಸುತ್ತಾ ಕೂತಿರುತ್ತವೆ. ಬಿಸಿಲೇರಿತೋ, ಮತ್ತೆ ಕೈಗೆ ಸಿಗೋಲ್ಲ. ಕ್ಯಾಮೆರಾವನ್ನು ಎಸಿ ರೂಮಿನಿಂದ ಅರ್ಧ ಗಂಟೆ ಮೊದಲೇ ಬ್ಯಾಗ್ ಸಮೇತ ಹೊರಗಿಡಿ. ಇಲ್ಲದಿದ್ದರೆ ಆ ತೇವಕ್ಕೆ ಲೆನ್ಸ್ ತುಂಬಾ ಮಂಜು.

ನಾನು ಉಳಿದಿದ್ದು ಚಿಡಿಯಾ ಟಾಪು ದಾರಿಯ ಒಂದು ಮನೆಯಲ್ಲಿ. ಪೋರ್ಟ್ ಬ್ಲೇರ್‌ನಿಂದ (2024ರಿಂದ ಶ್ರೀ ವಿಜಯಪುರಂ) ಸುಮಾರು 25 ಕಿ.ಮೀ. ದಕ್ಷಿಣಕ್ಕಿರುವ ಚಿಡಿಯಾ ಟಾಪುಗೆ ಜನ ಸೂರ್ಯಾಸ್ತ ನೋಡೋಕೆ ಬರ್ತಾರೆ, ಸೆಲ್ಫಿ ತೆಗೆದು ಹೋಗ್ತಾರೆ. ಅವರ ಕಾಲ ಕೆಳಗೇ ಕಡಲ ಬದಿಯ ದಾಸವಾಳ ಬಿದ್ದಿರುತ್ತೆ. ಬೆಳಗ್ಗೆ ಹಳದಿಯಾಗಿ ಅರಳುವ ಹೂವು ಸಂಜೆಗೆ ಕೆಂಪಗಾಗಿ ಉದುರುತ್ತೆ. ಒಂದೇ ಹೂವನ್ನು ಮೂರು ಹೊತ್ತು ತೆಗೆದೆ. ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದ ಚಿತ್ರಗಳು ಅವೇ. ಈ ದ್ವೀಪಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಅಂಡಮಾನ್ ಮಾರ್ಮನ್ ಚಿಟ್ಟೆಯೂ ಒಮ್ಮೆ ಹಾದುಹೋಯ್ತು. ನಮ್ಮ ಮಲೆನಾಡಿನ ನೀಲಿ ಮಾರ್ಮನ್ನಿನ ದಾಯಾದಿ ಅದು. ಫೋಟೊದಲ್ಲಿ ಕಪ್ಪು ಮಚ್ಚೆ ಬಿಟ್ಟರೆ ಏನಿಲ್ಲ.

ನಿಜವಾದ ಪಂಚಾಯಿತಿ ನಡೆದದ್ದು ಮನೆಯ ಹಿತ್ತಲಲ್ಲಿ. ದೀದಿಯ ಒಂದೇ ಒಂದು ನಿಂಬೆ ಗಿಡವನ್ನು ಹುಳ ತಿನ್ನುತ್ತಿತ್ತು. ಅತಿಥಿಗಳ ಮೀನೂಟಕ್ಕೆ ಬೇಕಾದ ನಿಂಬೆ ಅದರಿಂದಲೇ ಬರಬೇಕು, ಪೇಟೆಯಲ್ಲಿ ಕೊಂಡರೆ ದುಬಾರಿ. ಮಧ್ಯಾಹ್ನ ಔಷಧಿ ಹೊಡೆಯೋಕೆ ಸ್ಪ್ರೇ ಕ್ಯಾನ್ ತೊಳೆದಿಟ್ಟಿದ್ದರು.

ನೋಡಿದರೆ ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳಗಳು. ನಮ್ಮ ಬಾಲ್ಕನಿಯ ಕರಿಬೇವಿನ ಗಿಡಕ್ಕೂ ಬರುತ್ತವಲ್ಲ, ಅವೇ. ಎಳೆಯವು ಥೇಟ್ ಹಕ್ಕಿ ಹಿಕ್ಕೆಯ ಹಾಗೆ, ಬೆಳೆದವು ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಚಾಚಿ ಗಬ್ಬು ವಾಸನೆ ಬಿಡುತ್ತವೆ.

ನಾಲ್ಕು ದಿನ ಇದ್ದು ಹೋಗುವ ನಾನು, ಗಿಡದ ಯಜಮಾನಿಗೆ ಬೇಡ ಅನ್ನೋದು ಹೇಗೆ? ಮ್ಯಾಕ್ರೊ ಲೆನ್ಸಿನಲ್ಲಿ ತೆಗೆದು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ತೋರಿಸಿದೆ. ದೀದಿ ಕನ್ನಡಕ ತಂದರು. ‘ಇದಕ್ಕೆ ಕಾಲೂ ಇದೆಯಲ್ಲೋ!’ ಅಂದರು. ಆಮೇಲೆ, ‘ಚೆನ್ನಾಗಿದೆ, ಸರಿ. ನಿಂಬೆಹಣ್ಣು ನೀನು ಕಳಿಸ್ತೀಯಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ದಾರಿ ತೋರಿಸಿದವರೂ ಅವರೇ. ಬೇಲಿ ಕಡೆಯ ಎರಡು ಕೊಂಬೆ ಹುಳಕ್ಕೆ, ಉಳಿದದ್ದು ಮನೆಗೆ. ಔಷಧಿ ಇಲ್ಲ, ಕೈಯಲ್ಲೇ ಸಾಗಿಸೋದು. ನಾನು ಎತ್ತಿ ಎತ್ತಿ ಇಟ್ಟೆ, ಒಟ್ಟು ಹನ್ನೊಂದು. ಅವರು ಮೂಗು ಮುಚ್ಚಿಕೊಂಡು ಎಣಿಸಿದರು. ಮರುದಿನ ಬೆಳಗ್ಗೆ ಏಳೇ ಉಳಿದಿದ್ದವು. ಹಕ್ಕಿಯೋ, ಕಣಜವೋ.

ಊರಿಗೆ ಬಂದ ಮೇಲೆ ಒಂದು ಭಾನುವಾರ ದೀದಿಯಿಂದ ವಾಟ್ಸಾಪ್ ಫೋಟೊ. ಕಡ್ಡಿಗೆ ಅಂಟಿದ ಹಸಿರು ಕೋಶ. ಫೋಕಸ್ ಎಲ್ಲ ಹಿಂದಿನ ಗೋಡೆ ಮೇಲಿತ್ತು. ಕೆಳಗೆ ಒಂದೇ ಸಾಲು: ‘ಎರಡು ಕೊಂಬೆ ಪೂರ್ತಿ ಬೋಳು. ಇದು ಯಾವಾಗ ಹಾರುತ್ತೆ?’